ಕಾವಲಿನವನ ಒಂದು ಗೋಲು

ಗ್ರೀಸ್ ದೇಶದ ಕಾಲ್ಚೆಂಡಾಟದ ದಾಖಲೆಗಳಲ್ಲಿ ಟ್ರಯಾನೋಸ್ ಡೆಲ್ಲಾಸ್ ಎಂಬ ಹೆಸರಿನ ಮುಂದೆ ಎರಡು ಅಂಕಿಗಳಿವೆ. ದೇಶದ ಪರವಾಗಿ ಆಡಿದ ಪಂದ್ಯಗಳು 53. ಹೊಡೆದ ಗೋಲು 1. ರಾಷ್ಟ್ರೀಯ ತಂಡದಲ್ಲಿ 2001ರಿಂದ 2008ರವರೆಗೆ ಆಡಿದ ಈ ಎತ್ತರದ ಆಳಿನ ಬಗ್ಗೆ ಅಷ್ಟನ್ನು ಮಾತ್ರ ಹೇಳಿ ಆ ಪುಸ್ತಕ ಸುಮ್ಮನಾಗುತ್ತದೆ. ಈ ಎರಡು ಅಂಕಿಗಳ ನಡುವೆ ಇರುವ ಮನುಷ್ಯನ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕಾಲ್ಚೆಂಡಾಟದ ಗಂಧವಿಲ್ಲದವರೂ ಕೇಳಬಹುದಾದ ಕಥೆಯಿದು. ಏಕೆಂದರೆ ಇದರಲ್ಲಿ ಆಟದಷ್ಟೇ ಊರುಗಳೂ ಇವೆ, ಕಳೆದುಹೋದ ಊರುಗಳೂ ಇವೆ.

ಮೊದಲು ಆತನ ಕಸುಬಿನ ಮಾತು. ಡೆಲ್ಲಾಸ್ ರಕ್ಷಣಾ ಆಟಗಾರ. ಅಂದರೆ ತನ್ನ ತಂಡದ ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವವನು. ಇದೊಂದು ವಿಚಿತ್ರವಾದ ಕೆಲಸ. ಮುಂದಿನ ಸಾಲಿನಲ್ಲಿ ಆಡುವವನು ಒಂಬತ್ತು ಸಲ ಗುರಿ ತಪ್ಪಿ ಹತ್ತನೆಯ ಸಲ ಚೆಂಡನ್ನು ಬಲೆಗೆ ಸೇರಿಸಿದರೆ ಊರು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತದೆ. ಹಿಂದೆ ನಿಂತವನು ಒಂಬತ್ತು ಸಲ ತಡೆದು ಹತ್ತನೆಯ ಸಲ ಕಾಲು ಜಾರಿದರೆ ಆ ಹತ್ತನೆಯದೊಂದೇ ಜನರ ನೆನಪಿನಲ್ಲಿ ಉಳಿಯುತ್ತದೆ. ಚರಿತ್ರೆ ಬರೆಯುವವರಿಗೂ ಇವನಿಂದ ಒಂದು ತೊಡಕುಂಟು. ಆದದ್ದಕ್ಕೆ ಶಾಸನವಿದೆ, ಸಾಕ್ಷಿಯಿದೆ. ಆಗಗೊಡದೆ ತಡೆದದ್ದಕ್ಕೆ ಎಲ್ಲಿಯ ಶಾಸನ? ಬೀಳದೆ ನಿಂತ ಕೋಟೆಯ ಕಾವಲುಗಾರನ ಹೆಸರನ್ನು ಯಾರು ಕೇಳುತ್ತಾರೆ?

ಡೆಲ್ಲಾಸ್ ಹುಟ್ಟಿದ್ದು 1976ರ ಜನವರಿ 31ರಂದು, ಉತ್ತರ ಗ್ರೀಸಿನ ಥೆಸಲೋನಿಕಿ ನಗರದಲ್ಲಿ. ಟ್ರಯಾನೋಸ್ ಎಂಬುದು ರೋಮನ್ ಚಕ್ರವರ್ತಿ ಟ್ರಾಜನನ ಹೆಸರಿನ ಗ್ರೀಕ್ ರೂಪ. ಹುಡುಗ ಬೆಳೆದು ಆರೂವರೆ ಅಡಿಗೆ ಒಂದೇ ಅಂಗುಲ ಕಡಿಮೆಯಾಗುವಷ್ಟು ಎತ್ತರಕ್ಕೆ ನಿಂತಾಗ, ಹೆಸರಿಗೆ ತಕ್ಕ ಗಾತ್ರ ಬಂದಿತೆಂದೇ ಹೇಳಬೇಕು. ಪ್ರಾಚೀನ ಲೋಕದ ಏಳು ಅದ್ಭುತಗಳಲ್ಲಿ ಒಂದಾದ ರೋಡ್ಸ್ ದ್ವೀಪದ ಮಹಾಪ್ರತಿಮೆಯ ಹೆಸರಿನಿಂದ, 'ಕೊಲೋಸಸ್' ಎಂದು, ಮುಂದೆ ಜನ ಆತನನ್ನು ಕರೆದರು. ಆಟ ಕಲಿತದ್ದು ಹುಟ್ಟೂರಿನ ಆರಿಸ್ ಸಂಘದಲ್ಲಿ. ಆ ಸಂಘದ ಹೆಸರು ಗ್ರೀಕರ ಯುದ್ಧದೇವತೆಯದು.

1997ರಲ್ಲಿ ಆತ ಇಂಗ್ಲೆಂಡಿಗೆ ಹೋಗಿ ಶೆಫೀಲ್ಡ್ ಯುನೈಟೆಡ್ ತಂಡ ಸೇರಿದ. ಅದು ಆಗ ಅಲ್ಲಿಯ ಎರಡನೆಯ ದರ್ಜೆಯಲ್ಲಿದ್ದ ತಂಡ. ಎರಡು ವರ್ಷ ಅಲ್ಲಿದ್ದು 1999ರಲ್ಲಿ ಅಥೆನ್ಸಿನ ಎ.ಇ.ಕೆ. ತಂಡಕ್ಕೆ ಬಂದ. ಅಲ್ಲಿಂದ 2001ರಲ್ಲಿ ಇಟಲಿಯ ಪೆರೂಜ, ಮರುವರ್ಷ ರೋಮಾ. ಟ್ರಾಜನನ ಹೆಸರು ಹೊತ್ತವನು ಟ್ರಾಜನನ ವಿಜಯಸ್ತಂಭವಿರುವ ಊರಿಗೇ ಹೋದನೆಂದು ಚಮತ್ಕಾರವಾಗಿ ಹೇಳಬಹುದು. ಆದರೆ ಚಕ್ರವರ್ತಿಯ ಮರ್ಯಾದೆಯೇನೂ ಅಲ್ಲಿ ಸಿಗಲಿಲ್ಲ. ಅರ್ಜೆಂಟೀನದ ಸಾಮುಯೆಲ್, ರುಮೇನಿಯದ ಚಿವು ಮೊದಲಾದ ಘಟಾನುಘಟಿಗಳಿದ್ದ ತಂಡವದು. ತರಬೇತುದಾರ ಫಾಬಿಯೋ ಕಪೆಲ್ಲೋ ಒಮ್ಮೆ ಆಡಿಸುವನು, ಒಮ್ಮೆ ಕೂರಿಸುವನು. 2004ರ ಬೇಸಿಗೆಯಲ್ಲಿ ಗ್ರೀಸ್ ತಂಡದೊಡನೆ ಪೋರ್ಚುಗಲ್ಲಿಗೆ ಹೊರಟಾಗ ಡೆಲ್ಲಾಸನಿಗೆ 28 ವರ್ಷ. ಯುರೋಪಿನ ಹತ್ತು ಮಂದಿ ಶ್ರೇಷ್ಠ ರಕ್ಷಣಾ ಆಟಗಾರರನ್ನು ಹೆಸರಿಸಿರೆಂದರೆ ಆಗ ಯಾರೂ ಆತನನ್ನು ಹೆಸರಿಸುತ್ತಿರಲಿಲ್ಲ.

ಗ್ರೀಸನ್ನೂ ಯಾರೂ ಹೆಸರಿಸುತ್ತಿರಲಿಲ್ಲ. ಅದಕ್ಕೆ ಮುಂಚೆ ಆ ದೇಶ ದೊಡ್ಡ ಸ್ಪರ್ಧೆಗಳ ಅಂತಿಮ ಸುತ್ತಿಗೆ ಹೋಗಿದ್ದುದು ಎರಡೇ ಸಲ. 1980ರ ಯುರೋಪಿಯನ್ ಸ್ಪರ್ಧೆಯಲ್ಲಿ ಒಂದು ಪಂದ್ಯವನ್ನು ಸಮ ಮಾಡಿಕೊಂಡು ಎರಡರಲ್ಲಿ ಸೋತಿತು. 1994ರ ವಿಶ್ವಕಪ್ಪಿನಲ್ಲಿ ಮೂರಕ್ಕೆ ಮೂರೂ ಸೋಲು. ಹೊಡೆದ ಗೋಲು ಸೊನ್ನೆ, ತಿಂದದ್ದು ಹತ್ತು. ಇಂಥ ತಂಡಕ್ಕೆ 2001ರಲ್ಲಿ ಅರವತ್ತು ದಾಟಿದ ಜರ್ಮನ್ ಗುರುವೊಬ್ಬ ಬಂದ. ಆತನ ಹೆಸರು ಒಟ್ಟೋ ರೇಹಾಗೆಲ್. ಆತನ ಕೈಕೆಳಗೆ ಆಡಿದ ಮೊದಲ ಪಂದ್ಯದಲ್ಲೇ ಗ್ರೀಸ್ ಫಿನ್ಲೆಂಡಿಗೆ ಐದು-ಒಂದರಿಂದ ಸೋತಿತು. ಮುದುಕನಿಗೆ ಗಂಟುಮೂಟೆ ಕಟ್ಟಿಸುವ ಮಾತು ಎದ್ದಿದ್ದರೆ ಆಶ್ಚರ್ಯವಿರಲಿಲ್ಲ. 2004ರ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲೂ ಮೊದಲ ಎರಡು ಪಂದ್ಯ ಸೋಲು. ಆಮೇಲೆ ಏನಾಯಿತೋ, ಒಂದೂ ಗೋಲು ಬಿಟ್ಟುಕೊಡದೆ ಸಾಲಾಗಿ ಆರು ಪಂದ್ಯ ಗೆದ್ದರು.

'ಏನಾಯಿತೋ' ಎಂದೆ. ಆದದ್ದು ಸರಳವೇ. ಆ ವೇಳೆಗೆ ಯುರೋಪಿನ ದೊಡ್ಡ ತಂಡಗಳೆಲ್ಲ ಮೈದಾನವನ್ನು ವಲಯಗಳಾಗಿ ಹಂಚಿಕೊಂಡು, ತನ್ನ ವಲಯಕ್ಕೆ ಬಂದವನನ್ನು ತಾನು ನೋಡಿಕೊಳ್ಳುವ ಪದ್ಧತಿಗೆ ಒಗ್ಗಿಹೋಗಿದ್ದವು. ರೇಹಾಗೆಲ್ ಮೂಲೆಗೆ ಬಿದ್ದಿದ್ದ ಹಳೆಯ ಪದ್ಧತಿಯನ್ನು ಹೊರತೆಗೆದ. ಎದುರಾಳಿಯ ಒಬ್ಬೊಬ್ಬ ಮುಖ್ಯ ಆಟಗಾರನಿಗೂ ಒಬ್ಬೊಬ್ಬನನ್ನು ಗಂಟುಹಾಕುವುದು. ಅವನು ಹೋದಲ್ಲಿಗೆ ಇವನು ನೆರಳಿನಂತೆ ಹೋಗುವುದು. ಇವರೆಲ್ಲರ ಬೆನ್ನಿಗೆ ಯಾರ ಗಂಟೂ ಇಲ್ಲದ ಒಬ್ಬನನ್ನು ನಿಲ್ಲಿಸಿ, ಎಲ್ಲಿ ಬಿರುಕು ಬಿಟ್ಟರೂ ಅಲ್ಲಿಗೆ ಅವನು ಓಡಿ ಮುಚ್ಚುವುದು. ಈ ಕೊನೆಯವನನ್ನು ಸ್ವೀಪರ್ ಎನ್ನುತ್ತಾರೆ, ಅಂದರೆ ಗುಡಿಸುವವನು. ಆ ಕೆಲಸ ಡೆಲ್ಲಾಸನದು. ಮುಂದಿನವರು ಬಿಟ್ಟದ್ದನ್ನು ಗುಡಿಸಿ ಹಾಕುವ ಕೆಲಸ. ಅದಕ್ಕೆ ವೇಗಕ್ಕಿಂತ ಮೊದಲು ಬೇಕಾದದ್ದು ಮುಂದಾಗುವುದನ್ನು ಓದುವ ಕಣ್ಣು. ಆತನ ಕಾಲುಗಳಿಗೆ ವೇಗ ಅಷ್ಟಾಗಿ ಇರಲೂ ಇಲ್ಲ.

2004ರ ಜೂನ್ 12ರಂದು ಪೋರ್ತೋ ನಗರದಲ್ಲಿ ಆತಿಥೇಯ ಪೋರ್ಚುಗಲ್ಲನ್ನು ಗ್ರೀಸ್ ಎರಡು-ಒಂದರಿಂದ ಸೋಲಿಸಿತು. ದೊಡ್ಡ ಸ್ಪರ್ಧೆಯೊಂದರಲ್ಲಿ ಅದು ಆ ದೇಶದ ಮೊಟ್ಟಮೊದಲ ಗೆಲುವು. ಸ್ಪೇನಿನೊಡನೆ ಸಮ, ರಷ್ಯಾಕ್ಕೆ ಸೋಲು. ಅಂಕಗಳಲ್ಲಿ ಸ್ಪೇನಿಗೆ ಸಮನಾಗಿ, ಹೊಡೆದ ಗೋಲುಗಳ ಎಣಿಕೆಯಲ್ಲಿ ಮಾತ್ರ ಮುಂದಾಗಿ, ತುದಿಗಾಲಿನಲ್ಲಿ ಎಂಬಂತೆ ಮುಂದಿನ ಸುತ್ತಿಗೆ ದಾಟಿದರು. ಅಲ್ಲಿ ಎದುರಾದ ಫ್ರಾನ್ಸ್ ಹಿಂದಿನ ಸಲದ ಯುರೋಪಿಯನ್ ಚಾಂಪಿಯನ್. ಜಿದಾನ್, ಹೆನ್ರಿಯಂಥವರ ತಂಡ. ಅದೂ ಒಂದು-ಸೊನ್ನೆಯಿಂದ ಸೋತಿತು.

ಸೆಮಿಫೈನಲ್ ಜುಲೈ 1ರಂದು, ಮತ್ತೆ ಪೋರ್ತೋದಲ್ಲಿ, ಚೆಕ್ ಗಣರಾಜ್ಯದೊಡನೆ. ಆ ಸ್ಪರ್ಧೆಯ ಅತ್ಯಂತ ಚೆಲುವಾದ ಆಟ ಚೆಕ್ಕರದೆಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ನೆದರ್ಲೆಂಡ್ಸಿನ ಎದುರು ಎರಡು ಗೋಲು ಹಿಂದೆಬಿದ್ದು ಆಮೇಲೆ ಮೂರು ಹೊಡೆದು ಗೆದ್ದವರು ಅವರು. ಅಲ್ಲಿಯವರೆಗಿನ ನಾಲ್ಕು ಪಂದ್ಯಗಳನ್ನೂ ಗೆದ್ದಿದ್ದರು. ಆಟ ಶುರುವಾಗಿ ಎರಡು ಮೂರು ನಿಮಿಷ ಆಗಿರಲಿಲ್ಲ, ರೋಸಿಟ್‌ಸ್ಕಿ ಹೊಡೆದ ಚೆಂಡು ಗ್ರೀಸಿನ ಗೋಲಿನ ಅಡ್ಡಪಟ್ಟಿಗೆ ಬಡಿದು ಹಿಂದಕ್ಕೆ ಚಿಮ್ಮಿತು. ಮೊದಲರ್ಧ ಮುಗಿಯುವ ಮುನ್ನ ಚೆಕ್ ನಾಯಕ ನೆಡ್ವೆಡ್ ಮಂಡಿಗೆ ಪೆಟ್ಟಾಗಿ ಹೊರಗೆ ಹೋದ. ತೊಂಬತ್ತು ನಿಮಿಷ ಗೋಲಿಲ್ಲದೆ ಕಳೆಯಿತು. ನಮ್ಮ ಗಡಿಯಾರದಲ್ಲಿ ಆಗ ಬೆಳಗಿನ ಜಾವ ಎರಡು ದಾಟಿತ್ತು. ದೂರದರ್ಶನದ ಮುಂದೆ ನಾನು ಚೆಕ್ಕರ ಪಕ್ಷ ವಹಿಸಿ ಕುಳಿತಿದ್ದೆನೆಂಬುದನ್ನು ಮುಚ್ಚಿಡಬೇಕಾದ್ದಿಲ್ಲ.

ಇಲ್ಲಿ ಒಂದು ನಿಯಮದ ಕಥೆ ಹೇಳಲೇಬೇಕು. ತೊಂಬತ್ತು ನಿಮಿಷದಲ್ಲಿ ಇತ್ಯರ್ಥವಾಗದ ಪಂದ್ಯಕ್ಕೆ ಹದಿನೈದು ಹದಿನೈದು ನಿಮಿಷಗಳ ಎರಡು ಹೆಚ್ಚುವರಿ ಅವಧಿಗಳನ್ನು ಕೊಡುವುದು ಹಳೆಯ ರೂಢಿ. 1990ರ ದಶಕದಲ್ಲಿ 'ಚಿನ್ನದ ಗೋಲು' ಎಂಬ ನಿಯಮ ಬಂದಿತು. ಹೆಚ್ಚುವರಿ ಅವಧಿಯಲ್ಲಿ ಯಾರು ಮೊದಲು ಹೊಡೆದರೋ ಅಲ್ಲಿಗೆ ಆಟ ಮುಗಿಯಿತು. ಕತ್ತಿಯಿಂದ ಕಡಿದಂಥ ಆ ಮುಗಿತಾಯ ಕ್ರೂರವೆನಿಸಿ, ಅದನ್ನು ಮೆತ್ತಗೆ ಮಾಡಲೆಂದು 'ಬೆಳ್ಳಿ ಗೋಲು' ಬಂದಿತು. ಅದರಂತೆ, ಹೆಚ್ಚುವರಿ ಸಮಯದ ಮೊದಲ ಅವಧಿ ಮುಗಿಯುವಾಗ ಒಂದು ತಂಡ ಮುಂದಿದ್ದರೆ ಎರಡನೆಯ ಅವಧಿ ಆಡಿಸುವುದಿಲ್ಲ. ಸೋಲುವವರಿಗೆ ಕೆಲವು ನಿಮಿಷಗಳಾದರೂ ಉಳಿಯಲೆಂಬ ದಯೆ ಅದರಲ್ಲಿತ್ತು.

ಮೊದಲ ಅವಧಿಯ ಹದಿನೈದು ನಿಮಿಷ ಮುಗಿದು ರೆಫರಿ ಕೊಲ್ಲೀನಾ ಸೀಟಿಯನ್ನು ತುಟಿಗೆ ಇಡಬೇಕು, ಅಷ್ಟರಲ್ಲಿ ಗ್ರೀಸಿಗೆ ಒಂದು ಕಾರ್ನರ್ ಸಿಕ್ಕಿತು. ಬದಲಿ ಆಟಗಾರನಾಗಿ ಬಂದಿದ್ದ ತ್ಸಿಯಾರ್ಟಾಸ್ ಚೆಂಡನ್ನು ಗೋಲಿನ ಹತ್ತಿರದ ಕಂಬದ ಕಡೆಗೆ ಬಾಗಿಸಿ ಕಳಿಸಿದ. ಎತ್ತರದ ಆಳುಗಳು ಇಂಥ ಹೊತ್ತಿನಲ್ಲಿ ಹಿಂದಿನ ಸಾಲು ಬಿಟ್ಟು ಮುಂದಕ್ಕೆ ಬರುವುದು ವಾಡಿಕೆ. ಬಂದಿದ್ದ ಡೆಲ್ಲಾಸ್ ಕಂಬದ ಬಳಿ ತಲೆ ಕೊಟ್ಟ. ಚೆಂಡು ಒಳಗೆ ಬಿದ್ದಿತು. ಮರುಆರಂಭಕ್ಕೂ ಸಮಯವಿರಲಿಲ್ಲವೆನ್ನಬೇಕು. ಚಿನ್ನದ ಗೋಲಿನ ಕ್ರೌರ್ಯವನ್ನು ತಪ್ಪಿಸಲೆಂದು ಮಾಡಿದ ನಿಯಮ, ಅದೇ ಕ್ರೌರ್ಯದಿಂದ ಚೆಕ್ಕರ ಕತ್ತಿನ ಮೇಲೆ ಬಿದ್ದಿತು. ಚೆಕ್ಕರ ದುರ್ದೈವವನ್ನು ಇನ್ನೂ ಒಂದು ಮಾತಿನಲ್ಲಿ ಹೇಳಬೇಕು. 1996ರಲ್ಲಿ ವೆಂಬ್ಲಿಯ ಅಂತಿಮ ಪಂದ್ಯದಲ್ಲಿ ಚಿನ್ನದ ಗೋಲಿನಿಂದ ಸೋತವರೂ ಅವರೇ.

ಆ ಗೋಲೇ ಆ ದಾಖಲೆಯಲ್ಲಿರುವ ಒಂದು. ಯುರೋಪಿಯನ್ ಸ್ಪರ್ಧೆಯ ಚರಿತ್ರೆಯಲ್ಲಿ ಪಂದ್ಯವನ್ನು ಮುಗಿಸಿದ ಏಕಮಾತ್ರ ಬೆಳ್ಳಿ ಗೋಲು ಅದು. ಸ್ಪರ್ಧೆ ಮುಗಿಯುತ್ತಲೇ ಚಿನ್ನದ್ದನ್ನೂ ಬೆಳ್ಳಿಯದನ್ನೂ ಆಟದ ಕಾನೂನಿನಿಂದ ತೆಗೆದುಹಾಕಿದರು. ಹಾಗೆ ತೆಗೆಯುವುದೆಂದು ಮೊದಲೇ ತೀರ್ಮಾನವಾಗಿತ್ತು. ಗೋಲು ಹೊಡೆಯುವುದು ಕಸುಬೇ ಅಲ್ಲದವನು, ಸಾಯುವ ಗಳಿಗೆ ಗೊತ್ತಾಗಿದ್ದ ನಿಯಮದ ಕೆಳಗೆ, ಸಮಯ ತೀರಿದ ಮೇಲಿನ ನಿಮಿಷದಲ್ಲಿ ತನ್ನ ಒಂದೇ ಒಂದು ಗೋಲನ್ನು ಹೊಡೆದ. ಕಥೆಗಾರರು ಇದನ್ನು ಕಲ್ಪಿಸಿ ಬರೆದಿದ್ದರೆ ಸಂಪಾದಕರು ಅತಿಯಾಯಿತೆಂದು ಹಿಂದಿರುಗಿಸುತ್ತಿದ್ದರು.

ಮೂರು ದಿನಗಳ ಮೇಲೆ ಲಿಸ್ಬನ್ನಿನ ಅಂತಿಮ ಪಂದ್ಯದಲ್ಲಿ ಹರಿಸ್ಟೆಯಾಸ್ ತಲೆಯಿಂದ ಹೊಡೆದ ಗೋಲಿನಿಂದ ಪೋರ್ಚುಗಲ್ ಮತ್ತೆ ಸೋತಿತು. ಗ್ರೀಸ್ ಯುರೋಪಿನ ಚಾಂಪಿಯನ್ ಆಯಿತು. 1896ರಲ್ಲಿ ಆಧುನಿಕ ಒಲಿಂಪಿಕ್ ಕ್ರೀಡೆಗಳು ಮೊದಲಾದ ಅಥೆನ್ಸಿನ ಅಮೃತಶಿಲೆಯ ಕ್ರೀಡಾಂಗಣದಲ್ಲಿ ಜನ ಅವರನ್ನು ಎದುರುಗೊಂಡರು. ಆದರೆ ಹೊರಗಿನವರು ಮೆಚ್ಚಲಿಲ್ಲ. ಇದು ಆಟವಲ್ಲ, ಆಟವನ್ನು ಕೊಲ್ಲುವ ವಿದ್ಯೆ ಎಂದು ಬರೆದವರು ಅನೇಕರು. ಆರು ಪಂದ್ಯಗಳಲ್ಲಿ ಗ್ರೀಸ್ ಹೊಡೆದದ್ದು ಏಳೇ ಗೋಲು. ಕೊನೆಯ ಮೂರೂ ಪಂದ್ಯಗಳ ಫಲಿತಾಂಶ ಒಂದು-ಸೊನ್ನೆ. ಬೇಸರದ ಆಟವೆಂಬ ದೂರು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಆದರೆ ಆ ಕೊನೆಯ ಮೂರು ಸೊನ್ನೆಗಳನ್ನು ಯಾರೂ ಎಣಿಸಲಿಲ್ಲವಲ್ಲ ಎಂಬುದು ನನ್ನ ತಕರಾರು. ಜಿದಾನ್, ಹೆನ್ರಿ, ಆ ಸ್ಪರ್ಧೆಯಲ್ಲೇ ಅತಿ ಹೆಚ್ಚು ಗೋಲು ಹೊಡೆದ ಬಾರೋಷ್, ಫಿಗೋ, ಹತ್ತೊಂಬತ್ತು ವರ್ಷದ ಕ್ರಿಸ್ಟಿಯಾನೋ ರೊನಾಲ್ಡೋ, ಇವರೆಲ್ಲರೂ ಸೇರಿ ಆ ಮೂರು ಪಂದ್ಯಗಳಲ್ಲಿ ಒಂದು ಗೋಲನ್ನೂ ಹೊಡೆಯಲಾಗಲಿಲ್ಲ. ಹರಿಸ್ಟೆಯಾಸನ ಗೋಲುಗಳು ಚಿತ್ರಗಳಲ್ಲಿವೆ. ಡೆಲ್ಲಾಸ್ ಮತ್ತು ಅವನ ಸಂಗಡಿಗರು ಇಲ್ಲವಾಗಿಸಿದ ಗೋಲುಗಳ ಚಿತ್ರವನ್ನು ಯಾರೂ ತೆಗೆಯಲಾರರು. ಸ್ಪರ್ಧೆಯ ಶ್ರೇಷ್ಠ ಆಟಗಾರರ ಅಧಿಕೃತ ಪಟ್ಟಿಯಲ್ಲಿ ಆತನ ಹೆಸರು ಸೇರಿತೆಂಬುದು ಸಮಾಧಾನದ ಮಾತು.

ಈ ಮಾತು ಹೇಳುವಾಗ ನನಗೆ ನೆನಪಾಗುವವನು ಹೋಮರನ ಐಯಾಸ್. ಇಂಗ್ಲಿಷಿನ ಮೂಲಕ ನಾವು ಏಜಾಕ್ಸ್ ಎಂದು ಓದಿದವನು. ಗ್ರೀಕ್ ವೀರರಲ್ಲೆಲ್ಲ ತಡೆದು ನಿಲ್ಲುವ ವೀರ ಅವನು. ಅವನ ಗುರಾಣಿ ಗೋಪುರದಂತಿತ್ತು. ಟ್ರಾಯ್ ಪಡೆ ನುಗ್ಗಿಬಂದು ಹಡಗುಗಳಿಗೆ ಬೆಂಕಿಯಿಡಹೊರಟಾಗ ಅಡ್ಡ ನಿಂತವನು. ಕೊನೆಗೆ ಅಖಿಲೀಸನ ಆಯುಧಗಳು ಯಾರಿಗೆ ಸೇರಬೇಕೆಂಬ ಪ್ರಶ್ನೆ ಬಂದಾಗ ಆ ಮನ್ನಣೆ ಮಾತಿನ ಮಲ್ಲ ಒಡಿಸ್ಯೂಸನಿಗೆ ಹೋಯಿತು. ಐಯಾಸ್ ಹುಚ್ಚಾಗಿ ತನ್ನನ್ನು ತಾನೇ ಕೊಂದುಕೊಂಡ. ಸೊಫೊಕ್ಲೀಸನ ಆ ನಾಟಕವನ್ನು ಆಧಾರವಾಗಿಟ್ಟುಕೊಂಡೇ ಬಿ.ಎಂ.ಶ್ರೀಯವರು 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಹೀಗೆ ಐಯಾಸನ ಅವಮಾನ ಕನ್ನಡದಲ್ಲೂ ಅಳುವಂತಾಯಿತು. ಹಾಲೆಂಡಿನ ಆಮ್‌ಸ್ಟರ್‌ಡಾಮ್ ನಗರದ ಹೆಸರಾಂತ ಕಾಲ್ಚೆಂಡಾಟದ ಸಂಘವೂ ಐಯಾಸನ ಹೆಸರನ್ನೇ ಇಟ್ಟುಕೊಂಡಿದೆ. 1971ರಲ್ಲಿ ಯುರೋಪಿಯನ್ ಕಪ್ಪಿನ ಅಂತಿಮ ಪಂದ್ಯಕ್ಕೆ ಬಂದ ಮೊದಲ ಗ್ರೀಕ್ ತಂಡವಾದ ಪನಥಿನೈಕೋಸ್ ಸೋತದ್ದು ಈ ಸಂಘಕ್ಕೇ. ಅಂದು ಗ್ರೀಕರ ಹಿಂದಿನ ಸಾಲಿನಲ್ಲಿ ಆಂಥಿಮೋಸ್ ಕಾಪ್ಸಿಸ್ ಇದ್ದ; 2004ರಲ್ಲಿ ಡೆಲ್ಲಾಸನ ಪಕ್ಕದಲ್ಲಿ ನಿಂತ ಮಿಹಾಲಿಸ್ ಕಾಪ್ಸಿಸ್ ಆತನ ಮಗ. ಕಾವಲಿನ ಕೆಲಸವೂ ಮನೆತನದಲ್ಲಿ ಇಳಿದುಬರುವುದುಂಟು.

ಡೆಲ್ಲಾಸನ ಮುಂದಿನ ಜೀವನ ನನಗೆ 2004ಕ್ಕಿಂತ ಹೆಚ್ಚು ಆಸಕ್ತಿಯದೆನಿಸುತ್ತದೆ. 2005ರಲ್ಲಿ ಆತ ರೋಮಾ ಬಿಟ್ಟು ಹಳೆಯ ತಂಡ ಎ.ಇ.ಕೆ.ಗೆ ಮರಳಿದ. ಆ ಮೂರಕ್ಷರಗಳ ವಿಸ್ತಾರ 'ಕಾನ್‌ಸ್ಟಾಂಟಿನೋಪಲಿನ ವ್ಯಾಯಾಮ ಸಂಘ' ಎಂದು. ಅಥೆನ್ಸಿನ ಸಂಘಕ್ಕೆ ತುರ್ಕಿಯ ಊರಿನ ಹೆಸರೇಕೆ? 1922ರಲ್ಲಿ ಏಷ್ಯಾ ಮೈನರಿನ ಯುದ್ಧದಲ್ಲಿ ಗ್ರೀಸ್ ಸೋತಿತು. ಮರುವರ್ಷ ಲೌಸಾನ್ನಿನಲ್ಲಿ ಆದ ಒಪ್ಪಂದದಂತೆ ಎರಡು ದೇಶಗಳು ತಮ್ಮ ಪ್ರಜೆಗಳನ್ನು ಧರ್ಮದ ಲೆಕ್ಕದ ಮೇಲೆ ಅದಲುಬದಲು ಮಾಡಿಕೊಂಡವು. ಹನ್ನೆರಡು ಲಕ್ಷದಷ್ಟು ಕ್ರೈಸ್ತರು ಗ್ರೀಸಿಗೆ ಬಂದರು. ನಾಲ್ಕು ಲಕ್ಷದ ಸಮೀಪ ಮುಸ್ಲಿಮರು ತುರ್ಕಿಗೆ ಹೋದರು. ಕಾನ್‌ಸ್ಟಾಂಟಿನೋಪಲಿನ ಗ್ರೀಕರಿಗೆ ಒಪ್ಪಂದದಲ್ಲಿ ವಿನಾಯಿತಿ ಇದ್ದರೂ ಅನೇಕರು ಭಯದಿಂದ ಊರು ಬಿಟ್ಟರು. ಹಾಗೆ ಅಥೆನ್ಸಿಗೆ ಬಂದವರು 1924ರಲ್ಲಿ ಕಟ್ಟಿಕೊಂಡ ಸಂಘ ಎ.ಇ.ಕೆ. ಬಿಜಾಂಟಿಯಮ್ಮಿನ ಎರಡು ತಲೆಯ ಹದ್ದು ಅದರ ಲಾಂಛನ. ನಿರಾಶ್ರಿತರ ಬಡಾವಣೆಯಾದ ನೆಯಾ ಫಿಲಡೆಲ್ಫಿಯದಲ್ಲಿ ಅದರ ಮೈದಾನ. ಆ ಬಡಾವಣೆಯ ಹೆಸರೂ ಏಷ್ಯಾ ಮೈನರಿನಲ್ಲಿ ಬಿಟ್ಟುಬಂದ ಊರೊಂದರದೇ. ಮಣ್ಣು ಹೋದವರಿಗೆ ಹೆಸರೊಂದು ಉಳಿದಿತ್ತು. ಅದನ್ನು ಅಂಗಿಯ ಮೇಲೆ ಹೊಲಿದುಕೊಂಡರು.

2008ರಲ್ಲಿ ಡೆಲ್ಲಾಸ್ ಸೈಪ್ರಸ್ ದ್ವೀಪದ ಅನೋರ್ಥೋಸಿಸ್ ತಂಡಕ್ಕೆ ಹೋದ. ಇದು 1911ರಲ್ಲಿ ಫಾಮಗುಸ್ತಾ ಎಂಬ ರೇವುಪಟ್ಟಣದಲ್ಲಿ ಹುಟ್ಟಿದ ಸಂಘ. ಷೇಕ್ಸ್‌ಪಿಯರನ 'ಒಥೆಲೋ' ಓದಿದವರು ಸೈಪ್ರಸ್ಸಿನ ಕೋಟೆಯನ್ನು ನೆನೆಯಬಹುದು. ಫಾಮಗುಸ್ತಾದ ಹಳೆಯ ಕೋಟೆಗೆ ಇಂದಿಗೂ ಒಥೆಲೋನ ಹೆಸರಿದೆ. 1974ರಲ್ಲಿ ತುರ್ಕಿಯ ಸೇನೆ ಬಂದಾಗ ಅಲ್ಲಿಯ ಗ್ರೀಕ್ ಜನರೆಲ್ಲ ಓಡಿಹೋಗಬೇಕಾಯಿತು. ಪಟ್ಟಣದ ವರೋಷಾ ಭಾಗ ತಂತಿಬೇಲಿಯ ಹಿಂದೆ ದಶಕಗಟ್ಟಲೆ ನಿರ್ಜನವಾಗಿ ಬಿದ್ದಿತ್ತು. ಸಂಘವೂ ಜನರೊಡನೆ ವಲಸೆ ಬಂದು ಲಾರ್ನಕಾದಲ್ಲಿ ನೆಲೆ ಮಾಡಿತು; ಹೆಸರಿನಲ್ಲಿ ಮಾತ್ರ ಫಾಮಗುಸ್ತಾ ಹಾಗೆಯೇ ಇದೆ. ಅನೋರ್ಥೋಸಿಸ್ ಎಂದರೆ ಬಿದ್ದದ್ದನ್ನು ಮತ್ತೆ ಎತ್ತಿ ನಿಲ್ಲಿಸುವುದು. ಲಾಂಛನ, ಬೂದಿಯಿಂದ ಏಳುವ ಫೀನಿಕ್ಸ್ ಹಕ್ಕಿ. ಡೆಲ್ಲಾಸ್ ಸೇರಿದ ವರ್ಷವೇ ಈ ತಂಡ ಯುರೋಪಿನ ಚಾಂಪಿಯನ್ಸ್ ಲೀಗಿನ ಮುಖ್ಯ ಸುತ್ತನ್ನು ಮುಟ್ಟಿತು. ಸೈಪ್ರಸ್ಸಿನ ಯಾವ ತಂಡವೂ ಅದುವರೆಗೆ ಅಲ್ಲಿಗೆ ಹೋಗಿರಲಿಲ್ಲ. ಪನಥಿನೈಕೋಸನ್ನು ಮೂರು-ಒಂದರಿಂದ ಸೋಲಿಸಿದರು. ಮಿಲಾನಿನ ಇಂಟರ್ ತಂಡದೊಡನೆ ಮೂರು-ಮೂರು ಸಮ.

ಹೀಗೆ ಒಬ್ಬನೇ ಆಟಗಾರ ತನ್ನ ಕೈಬಿಟ್ಟುಹೋದ ಊರುಗಳ ಹೆಸರು ಹೊತ್ತ ಎರಡು ತಂಡಗಳ ಗೋಲು ಕಾದ. ಆತ ಚರಿತ್ರೆ ಓದಿ ಈ ತಂಡಗಳನ್ನು ಆರಿಸಿಕೊಂಡನೆಂದು ನಾನು ಹೇಳಹೊರಟಿಲ್ಲ. ಕಸುಬಿನ ಆಟಗಾರ ಕರಾರು ಇದ್ದಲ್ಲಿಗೆ ಹೋಗುತ್ತಾನೆ. ಆದರೆ 2013ರಲ್ಲಿ ಆತ ಮಾಡಿದ್ದು ಕರಾರಿನ ಲೆಕ್ಕಕ್ಕೆ ಸಿಗುವಂಥದಲ್ಲ.

2010ರಲ್ಲಿ ಮೂರನೆಯ ಸಲ ಎ.ಇ.ಕೆ.ಗೆ ಬಂದು, 2012ರಲ್ಲಿ ಅಲ್ಲಿಯೇ ಆಟಕ್ಕೆ ವಿದಾಯ ಹೇಳಿದ್ದ. ಮರುವರ್ಷದ ಏಪ್ರಿಲಿನಲ್ಲಿ ಸಂಘ ಸಾಲದಲ್ಲಿ ಮುಳುಗಿತ್ತು, ತಂಡ ತಳದಲ್ಲಿತ್ತು, ಜರ್ಮನ್ ತರಬೇತುದಾರನನ್ನು ಬಿಡಿಸಿದ್ದರು. ಉರಿಯುವ ಮನೆಯ ಬೀಗದ ಕೈಯನ್ನು ಡೆಲ್ಲಾಸನಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ, ಏಪ್ರಿಲ್ 14ರಂದು, ಪನ್‌ಥ್ರಾಕಿಕೋಸ್ ತಂಡದೊಡನೆ ನಿರ್ಣಾಯಕ ಪಂದ್ಯ. ಮುಗಿಯಲು ಮೂರು ನಿಮಿಷವಿರುವಾಗ ಎ.ಇ.ಕೆ.ಯ ಎಳೆಯ ರಕ್ಷಣಾ ಆಟಗಾರನೊಬ್ಬನಿಂದ ಚೆಂಡು ತನ್ನದೇ ಗೋಲಿನೊಳಗೆ ಹೋಯಿತು. ಕಾವಲಿನವನ ಪಾಲಿಗೆ ಬರುವ ಇನ್ನೊಂದು ಬಗೆಯ ಗೋಲು ಅದು. ಜನ ಬೇಲಿ ದಾಟಿ ಮೈದಾನಕ್ಕೆ ನುಗ್ಗಿದರು, ಆಟಗಾರರು ಪ್ರಾಣ ಉಳಿಸಿಕೊಳ್ಳಲು ಒಳಕ್ಕೆ ಓಡಿದರು, ಪಂದ್ಯ ನಿಂತಿತು. ದಂಡನೆಯಾಗಿ ಅಂಕಗಳು ಕಡಿತವಾದವು. 1924ರಿಂದ ನಡೆದುಬಂದ ಸಂಘ ತನ್ನ ಚರಿತ್ರೆಯಲ್ಲಿ ಮೊದಲ ಬಾರಿ ಕೆಳಗಿನ ದರ್ಜೆಗೆ ಬಿದ್ದಿತು. ಹಳೆಯ ಸಾಲದ ಹೊರೆ ಕಳಚಿ ಹೊಸದಾಗಿ ಶುರುಮಾಡಲೆಂದು ಆಡಳಿತದವರು ಇನ್ನೂ ಒಂದು ಮೆಟ್ಟಿಲು ಇಳಿದು, ಮೂರನೆಯ ದರ್ಜೆಯಲ್ಲಿ, ಹವ್ಯಾಸಿ ತಂಡವಾಗಿ ನಿಲ್ಲುವುದೆಂದು ತೀರ್ಮಾನಿಸಿದರು.

ಯುರೋಪಿನ ಚಾಂಪಿಯನ್ ಪದಕವಿದ್ದವನಿಗೆ ಆಗ ಹೊರಟುಹೋಗಲು ಯಾವ ಅಡ್ಡಿಯೂ ಇರಲಿಲ್ಲ. ಯಾರೂ ಬೈಯುತ್ತಿರಲೂ ಇಲ್ಲ. ಡೆಲ್ಲಾಸ್ ಹೋಗಲಿಲ್ಲ. ಸಣ್ಣ ಊರುಗಳ ತಂಡಗಳೊಡನೆ ಒಂದು ವರ್ಷ ಆಡಿಸಿ 2014ರಲ್ಲಿ ಎರಡನೆಯ ದರ್ಜೆಗೆ ಏರಿಸಿದ; 2015ರಲ್ಲಿ ಮೊದಲ ದರ್ಜೆಗೆ. ಪೋರ್ತೋದ ಆ ಒಂದು ನಿಮಿಷವನ್ನೂ ಈ ಎರಡು ವರ್ಷಗಳನ್ನೂ ತಕ್ಕಡಿಯಲ್ಲಿಟ್ಟು ತೂಗಿ ನೋಡಿರೆಂದರೆ, ನಾನಂತೂ ಎರಡನೆಯ ತಟ್ಟೆಯ ಕಡೆಗೇ ವಾಲುವವನು. ಅಥೆನ್ಸಿನ ಜನ ಹೇಗೆ ತೂಗಿದರೋ! ಅದೇ ವರ್ಷದ ಅಕ್ಟೋಬರಿನಲ್ಲಿ ಒಲಿಂಪಿಯಾಕೋಸ್ ತಂಡದ ಎದುರು ನಾಲ್ಕು-ಸೊನ್ನೆಯಿಂದ ಸೋತ ಬೆನ್ನಿಗೇ ಆತ ರಾಜೀನಾಮೆ ಕೊಟ್ಟ. ಮುಂದೆ ಬೇರೆ ತಂಡಗಳನ್ನೂ ತರಬೇತುಗೊಳಿಸಿದ. 2018ರಲ್ಲಿ ಎ.ಇ.ಕೆ. ಗ್ರೀಸಿನ ಲೀಗ್ ಗೆದ್ದಾಗ ಪೀಠದ ಮೇಲೆ ಕುಳಿತಿದ್ದವನು ಸ್ಪೇನಿನವನು.

ನೆಯಾ ಫಿಲಡೆಲ್ಫಿಯದ ಹಳೆಯ ಕ್ರೀಡಾಂಗಣವನ್ನು 2003ರಲ್ಲಿ ಕೆಡವಿದ್ದರು. ಅಲ್ಲಿಂದ ಹತ್ತೊಂಬತ್ತು ವರ್ಷ ಆ ತಂಡ ಬಾಡಿಗೆಯ ಬಯಲಿನಲ್ಲಿ ಆಡಿತು. ಅದೇ ಜಾಗದಲ್ಲಿ 2022ರ ಸೆಪ್ಟೆಂಬರ್ ಕೊನೆಯಲ್ಲಿ ಹೊಸ ಕ್ರೀಡಾಂಗಣ ತೆರೆಯಿತು. ಅದಕ್ಕೆ ಆಗಿಯಾ ಸೋಫಿಯಾ ಎಂದು, ಕಾನ್‌ಸ್ಟಾಂಟಿನೋಪಲಿನ ಮಹಾದೇವಾಲಯದ ಹೆಸರನ್ನಿಟ್ಟಿದ್ದಾರೆ. ಮೂರು ಸಲ ಬಂದು ಒಟ್ಟು ಏಳು ವರ್ಷ ಎ.ಇ.ಕೆ.ಯ ಗೋಲು ಕಾದ ಡೆಲ್ಲಾಸ್, ಆ ಜಾಗದಲ್ಲಿ ತನ್ನ ತಂಡದ ಸ್ವಂತ ಮನೆಯ ಮುಂದೆ ಕಾವಲು ನಿಂತದ್ದು 1999ರಿಂದ 2001ರವರೆಗಿನ ಎರಡೇ ವರ್ಷ.